ಮೊಲಕ್ಕೆ ಗೊತ್ತಾಗದಂತೆ ಔಷಧಿ ಮತ್ತು ವಿಟಮಿನ್ ಹನಿಗಳನ್ನು ಆಹಾರದಲ್ಲಿ ಬೆರೆಸುವುದು ಹೇಗೆ?

ಔಷಧಿ, ವಿಟಮಿನ್ ಹನಿ ಬೆರೆಸಿದ ಆಹಾರವನ್ನು ಮೊಲದ ಮುಂದಿಟ್ಟರೆ "ಮೂಸಿ ನೋಡಿ ಮುಖ ತಿರುಗಿಸಿಬಿಡುತ್ತದೆ" ಎಂದು ನೀವು ಬರೆದ ಸಾಲನ್ನು ಓದಿದೊಡನೆ ಆರು ವರ್ಷಗಳ ಹಿಂದಿನ ದಾವಣಗೆರೆಯ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬಂದಿತು. ನಮ್ಮದೂ ಒಂದು ಬಿಳಿ ಮೊಲ. ಹೆಸರು ಹತ್ತಿ, ತೂಕ 2 ಕಿಲೋಗೆ ತುಸು ಕಡಿಮೆ. ಅದಕ್ಕೆ ಸೀನು ಹಿಡಿದು, ಮೂಗು ಒರೆಸಿ ಒರೆಸಿ ಮುಂಗಾಲುಗಳ ಒಳಬದಿಯ ಕೂದಲೆಲ್ಲ ಅಂಟಾಗಿತ್ತು. ಪಶುವೈದ್ಯರು ಎನ್ರೋಫ್ಲಾಕ್ಸಾಸಿನ್ ಎಂಬ ಔಷಧಿಯನ್ನು ದಿನಕ್ಕೆ ಎರಡು ಬಾರಿಯಂತೆ 14 ದಿನ ಬಾಯಿಗೆ ಹಾಕಬೇಕೆಂದು ಬರೆದುಕೊಟ್ಟರು. ಅದು ಎಷ್ಟು ಕಹಿಯೆಂದರೆ, ಬೆರಳಿಗೆ ತಗುಲಿದ್ದನ್ನು ನೆಕ್ಕಿ ನೋಡಿದ ನನ್ನ ನಾಲಿಗೆ ಊಟದ ಹೊತ್ತಿನವರೆಗೂ ಸರಿಹೋಗಲಿಲ್ಲ.

ಮೊದಲ ದಿನ ಏಲಕ್ಕಿ ಬಾಳೆಹಣ್ಣಿನಲ್ಲಿ ಅಡಗಿಸಿ ಇಟ್ಟೆ. ಹತ್ತಿ ಒಮ್ಮೆ ಕಚ್ಚಿ ಹಿಂದೆ ಸರಿಯಿತು. ಪ್ರಾಣವನ್ನೇ ಇಟ್ಟುಕೊಂಡಿದ್ದ ಆ ಹಣ್ಣನ್ನು ಅಂದಿನಿಂದ ಇಂದಿನವರೆಗೂ ಮುಟ್ಟಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ನಷ್ಟವಾಗುತ್ತಿದ್ದದ್ದು ಬಾಳೆಹಣ್ಣು ಮಾತ್ರ. ಆದರೆ ನನಗೆ ತಾಯಿಯ ಊರಿನ ಕೋಳಿಗಳು ನೆನಪಾದವು. ಅಲ್ಲಿ ಕೋಳಿಗಳಿಗೆ ಔಷಧಿಯನ್ನು ಕುಡಿಯುವ ನೀರಿನಲ್ಲೇ ಬೆರೆಸಿಡುತ್ತಿದ್ದರು, ಅವು ತಕರಾರಿಲ್ಲದೆ ಕುಡಿಯುತ್ತಿದ್ದವು. ಅದೇ ಲೆಕ್ಕದಲ್ಲಿ ನಾನೂ ಇಡೀ ದಿನದ ಔಷಧಿಯನ್ನು ಹತ್ತಿಯ ನೀರಿನ ಬಾಟಲಿಗೆ ಸುರಿದೆ.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿರುವುದೂ ಇದೇ ಉಪಾಯದ ಇನ್ನೊಂದು ರೂಪ. ಮೊಲವು ತನ್ನ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 100 ಮಿಲಿ ಲೀಟರ್ ನೀರು ಕುಡಿಯುವ ಪ್ರಾಣಿ, ಸೆಕೆಯಲ್ಲಿ ಇನ್ನೂ ಹೆಚ್ಚು. ನಾನು ಔಷಧಿ ಬೆರೆಸಿದ್ದು ಏಪ್ರಿಲ್ ತಿಂಗಳಿನಲ್ಲಿ. ಹತ್ತಿ ಬಾಟಲಿಯ ಮೂತಿಯನ್ನು ಒಮ್ಮೆ ನೆಕ್ಕಿ ದೂರ ಹೋಯಿತು. ಬಾಟಲಿ ಸ್ವಲ್ಪ ಸೋರುತ್ತಿದ್ದ ಕಾರಣ ನೀರಿನ ಮಟ್ಟ ಇಳಿದದ್ದನ್ನು ನೋಡಿ, ಅದು ಕುಡಿದಿದೆ ಎಂದೇ ನಾನು ಎರಡು ದಿನ ನಂಬಿದ್ದೆ. ಔಷಧಿಯೂ ಹೋಗಲಿಲ್ಲ, ನೀರೂ ಹೋಗಲಿಲ್ಲ. ನೀರಿಲ್ಲದೆ ಕರುಳಿನಲ್ಲಿದ್ದ ಹುಲ್ಲು ಒಣಗಿ ಗಟ್ಟಿಯಾಯಿತು, ಕರುಳಿನ ಚಲನೆ ನಿಧಾನವಾಯಿತು, ನೋವಿನಿಂದ ಅದು ತಿನ್ನುವುದನ್ನು ಬಿಟ್ಟಿತು, ತಿನ್ನದಿದ್ದ ಕಾರಣ ಕರುಳು ಇನ್ನಷ್ಟು ನಿಂತುಹೋಯಿತು. ಮೂರನೆಯ ದಿನ ಬೆಳಿಗ್ಗೆ ಗೂಡಿನಲ್ಲಿ ಬೆರಳೆಣಿಕೆಯಷ್ಟು ಹಿಕ್ಕೆಗಳಿದ್ದವು, ಅವೂ ಸಾಸಿವೆಗಿಂತ ಅಷ್ಟೇನೂ ದೊಡ್ಡದಾಗಿರಲಿಲ್ಲ. ಹತ್ತಿ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಹಲ್ಲು ಕಡಿಯುತ್ತಿತ್ತು. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ; ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು, ಸಾಗದಿದ್ದರೆ ಒಂದೆರಡು ದಿನಗಳಲ್ಲಿ ಜೀವಕ್ಕೇ ಅಪಾಯ.

ವೈದ್ಯರು ಚರ್ಮದಡಿಗೆ ಸಲೈನ್ ಕೊಟ್ಟು, ನೋವಿನ ಔಷಧಿ ಹಾಕಿ, ಪೆಲೆಟ್ ಎಂಬ ಗುಳಿಗೆಯಂಥ ಮೊಲದ ಆಹಾರವನ್ನು ನೀರಿನಲ್ಲಿ ನೆನೆಸಿ ಗಂಜಿಯಂತೆ ಮಾಡಿ ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ತಿನ್ನಿಸಲು ಹೇಳಿ ಕಳುಹಿಸಿದರು. ಸಿರಿಂಜಿಗೆ ಹೆದರಿ ಬಾಟಲಿಯ ಮೊರೆ ಹೋಗಿದ್ದವನು ಆ ರಾತ್ರಿಯಿಡೀ ಸಿರಿಂಜ್ ಹಿಡಿದೇ ಕೂರಬೇಕಾಯಿತು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಒಂದು ಹಿಕ್ಕೆ ಬಿತ್ತು. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ಬೈಯಲಿಲ್ಲ ಎನ್ನುವುದೇ ದೊಡ್ಡದು.

ಆದ್ದರಿಂದ ಬೆರೆಸುವುದು ಹೇಗೆ ಎಂಬ ನಿಮ್ಮ ಪ್ರಶ್ನೆಗೆ, ಬೆರೆಸಲೇಬೇಡಿ ಎನ್ನುವುದೇ ನನ್ನ ಉತ್ತರ. ಮೊಲದ ಮೂಗನ್ನು ನೀವು ಗೆಲ್ಲಲಾರಿರಿ. ಗೆದ್ದರೂ ಎಷ್ಟು ಔಷಧಿ ಹೊಟ್ಟೆಗೆ ಹೋಯಿತು, ಎಷ್ಟು ತಟ್ಟೆಯಲ್ಲಿ ಉಳಿಯಿತು ಎಂಬುದು ತಿಳಿಯುವುದಿಲ್ಲ. ಸೂಜಿಯಿಲ್ಲದ 1 ಮಿಲಿ ಲೀಟರಿನ ಸಿರಿಂಜ್ ತನ್ನಿ. ಮೊಲವನ್ನು ಟವೆಲಿನಲ್ಲಿ ಬಿಗಿಯಾಗಿ ಸುತ್ತಿ, ತಲೆ ಮಾತ್ರ ಹೊರಗಿರುವಂತೆ, ನೆಲದ ಮೇಲೆ ನಿಮ್ಮ ಎರಡು ಮಂಡಿಗಳ ನಡುವೆ ಅದರ ಹಿಂಭಾಗ ನಿಮ್ಮ ಕಡೆಗಿರುವಂತೆ ಕೂರಿಸಿಕೊಳ್ಳಿ. ಹಿಂಗಾಲುಗಳು ಸಡಿಲವಾಗಿದ್ದರೆ ಅದು ಝಾಡಿಸಿ ಒದ್ದು ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಲ್ಲದು. ಮಗುವಿನಂತೆ ಅಂಗಾತ ಮಲಗಿಸಿ ಹಾಕಬೇಡಿ, ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಜಾಗವಿದೆ. ತುಟಿಯ ಪಕ್ಕದಿಂದ ಅಲ್ಲಿಗೆ ಸಿರಿಂಜಿನ ತುದಿ ತೂರಿಸಿ, ಎರಡು ಮೂರು ಹನಿ ಹಾಕಿ, ಅದು ನುಂಗಿದ ಮೇಲೆ ಮತ್ತೆರಡು ಹನಿ ಹಾಕಿ. ಕೊನೆಗೆ ಒಂದು ದಂಟು ಕೊತ್ತಂಬರಿ ಸೊಪ್ಪು ಕೊಡಿ. ನಾಲ್ಕನೆಯ ದಿನಕ್ಕೆ ಹತ್ತಿ ಆ ಸೊಪ್ಪಿಗಾಗಿಯೇ ಟವೆಲನ್ನು ಸಹಿಸಿಕೊಳ್ಳತೊಡಗಿತು. ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧಿ ಸಿಹಿಯಾಗಿದ್ದುದರಿಂದ ಅದನ್ನಂತೂ ತಾನೇ ಬಾಯೊಡ್ಡಿ ಕುಡಿಯುತ್ತಿತ್ತು.

ಸಿಹಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಮನೆಯಲ್ಲಿ ಮಕ್ಕಳಿಗೆಂದು ತಂದ ಅಮಾಕ್ಸಿಸಿಲಿನ್ ಸಿರಪ್ ಉಳಿದಿದ್ದರೆ, ರುಚಿಯಾಗಿದೆಯೆಂದು ಅದನ್ನು ಮೊಲದ ಬಾಯಿಗೆ ಹಾಕಬೇಡಿ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷ ಉಂಟುಮಾಡುವವುಗಳಿಗೆ ಜಾಗ ಬಿಡುತ್ತದೆ, ಮೊಲ ಸಾಯಬಹುದು.

ವಿಟಮಿನ್ ಹನಿಗಳ ವಿಷಯದಲ್ಲಿ ನಿಮ್ಮ ಮೊಲವೇ ಸರಿ ಎನ್ನುತ್ತೇನೆ. ಗಿನಿ ಇಲಿಯಂತಲ್ಲ, ಮೊಲ ತನಗೆ ಬೇಕಾದ ಸಿ ವಿಟಮಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬಿ ಗುಂಪಿನ ವಿಟಮಿನ್‌ಗಳು ಅದರ ಕರುಳಿನಲ್ಲಿ ತಯಾರಾಗಿ ಮೆತ್ತನೆಯ ಹಿಕ್ಕೆಯಾಗಿ ಹೊರಬರುತ್ತವೆ, ಅದನ್ನು ಮೊಲ ಬಾಯಿ ಹಾಕಿ ತಿನ್ನುತ್ತದೆ, ಅದು ಕಾಯಿಲೆಯಲ್ಲ. ಕ್ಯಾಲ್ಸಿಯಂ ಹೆಚ್ಚು ಕೊಟ್ಟರೆ ಮೂತ್ರದಲ್ಲಿ ಕೆಸರಿನಂತೆ ಸೇರಿಕೊಂಡು ಮೂತ್ರಕೋಶವನ್ನು ಕಾಡುತ್ತದೆ. ಒಣಹುಲ್ಲು, ಗರಿಕೆ, ಸೊಪ್ಪು ತಿನ್ನುತ್ತಿರುವ ಮೊಲಕ್ಕೆ, ವೈದ್ಯರು ನಿರ್ದಿಷ್ಟ ಕೊರತೆ ಕಂಡು ಬರೆದುಕೊಟ್ಟಿಲ್ಲದಿದ್ದರೆ, ಆ ಬಾಟಲಿಯನ್ನು ಕಪಾಟಿನಲ್ಲೇ ಬಿಡಿ.

ಔಷಧಿ ಬೆರೆಸಿದ ಪೆಲೆಟ್ ಅನ್ನು ನಿನ್ನೆ ರಾತ್ರಿಯಿಂದ ಮುಟ್ಟಿಲ್ಲ ಎಂದು ನೀವು ಬರೆದಿದ್ದೀರಿ. ಅದನ್ನು ಈಗಲೇ ಚೆಲ್ಲಿ, ಔಷಧಿ ಬೆರೆಸದ ನೀರನ್ನೂ ಹುಲ್ಲನ್ನೂ ಇಟ್ಟು, ಗೂಡಿನಲ್ಲಿ ಎಷ್ಟು ಹಿಕ್ಕೆಗಳಿವೆ ಎಂದು ನೋಡಿ. ಹುಲ್ಲನ್ನೂ ಮುಟ್ಟದಿದ್ದರೆ ನಾಳೆಯವರೆಗೆ ಕಾಯದೆ ಇಂದೇ ವೈದ್ಯರ ಬಳಿಗೆ ಹೊರಡಿ, ಹೊರಡುವಾಗ ಉಳಿದ ಹಿಕ್ಕೆಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ.