ಹಳೇ ಪಿಕಪ್ ಎತ್ತರಿಸುವ ಮುಂಚೆ ಹಿಂದಿನ ಬ್ರೇಕ್ ವಾಲ್ವ್ ಎಲ್ಲಿದೆ ನೋಡಿ

ನಿಮ್ಮದು ಮುಂದೆ ಹಿಂದೆ ಎರಡೂ ಕಡೆ ಪ್ಲೇಟ್ (ಉಕ್ಕಿನ ಪಟ್ಟಿ ಜೋಡಿಸಿದ ಸ್ಪ್ರಿಂಗ್) ಇರುವ ಹಳೇ ಫೋರ್‌ವೀಲ್ ಡ್ರೈವ್ ಪಿಕಪ್. ತೀರ್ಥಹಳ್ಳಿ ಕಡೆಯ ತೋಟದ ದಾರಿಯಲ್ಲಿ ಹೊಟ್ಟೆ ಉಜ್ಜುತ್ತೆ. ಉದ್ದ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಲೋ, ಬ್ಲಾಕ್ (ಪ್ಲೇಟಿಗೂ ಆಕ್ಸಲ್‌ಗೂ ನಡುವೆ ಇಡುವ ಗಟ್ಟಿ ತುಂಡು) ಹಾಕಿಸಲೋ, 4 ಇಂಚು ಎತ್ತರಿಸುವ ಪೂರ್ತಿ ಕಿಟ್ ತರಿಸಲೋ ಅಂತ ಕೇಳಿದ್ದೀರಿ. ಇದೇ ಮೂರು ಹೆಸರು ಹಿಡಿದುಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಸುತ್ತಿದವನು ನಾನು. ನಮ್ಮ ಗಾಡಿಗೆ ಕೊನೆಗೆ ಹಿಂದೆ ಒಂದು ಹೆಚ್ಚುವರಿ ಪ್ಲೇಟು, ಮುಂದೆ ಉದ್ದ ಶ್ಯಾಕಲ್ಲು ಬಿತ್ತು. ಎತ್ತರವೇನೋ ಬಂತು. ಆದರೆ ಆ ಎತ್ತರಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಲೋಡ್ ವಾಲ್ವನ್ನು ಯಾರೂ ಸರಿಸಲಿಲ್ಲ. ಲೋಡ್ ಹಾಕಿ ಘಟ್ಟ ಇಳಿಸಿದಾಗ ಮುಂದಿನ ಪ್ಯಾಡು ಸುಟ್ಟಿತು, ಡಿಸ್ಕು ನೀಲಿಗಟ್ಟಿತು, ಹಿಂದಿನ ಬ್ರೇಕ್ ಲೈನರ್ ಮಾತ್ರ ಹೊಸದರ ಹಾಗೇ ಇತ್ತು. ನಿಮ್ಮ ಮೂರು ಆಯ್ಕೆಗಳಿಗಿಂತ ಈ ವಾಲ್ವೇ ದೊಡ್ಡ ವಿಷಯ, ಅದಕ್ಕೆ ಅದನ್ನೇ ಮೊದಲು ಬಿಡಿಸಿ ಹೇಳುತ್ತೇನೆ.

ಗಾಡಿಯ ಕೆಳಗೆ ಮಲಗಿ ಹಿಂದಿನ ಹೌಸಿಂಗ್ (ಆಕ್ಸಲ್ ಒಳಗಿರುವ ಅಡ್ಡ ಪೈಪ್) ಹತ್ತಿರ ಚಾಸಿಗೆ ಕೂರಿಸಿದ ಸಣ್ಣ ವಾಲ್ವ್ ಒಂದು ಇದೆಯಾ ನೋಡಿ. ಅದಕ್ಕೆ ಬ್ರೇಕ್ ಪೈಪ್ ಬಂದು ಹೋಗಿರುತ್ತೆ, ಒಂದು ಲಿವರ್ ಇರುತ್ತೆ, ಲಿವರ್‌ನಿಂದ ಒಂದು ರಾಡ್ ಇಲ್ಲವೇ ಸ್ಪ್ರಿಂಗ್ ಇಳಿದು ಹೌಸಿಂಗ್‌ಗೆ ಸೇರಿರುತ್ತೆ. ತುಂಬಾ ಪಿಕಪ್‌ಗಳಲ್ಲಿ ಈ ವ್ಯವಸ್ಥೆ ಇದೆ. ಖಾಲಿ ಗಾಡಿಯಲ್ಲಿ ಹಿಂದೆ ಭಾರ ಕಡಿಮೆ. ಪೂರ್ತಿ ಬ್ರೇಕ್ ಹಿಂದಕ್ಕೂ ಹೋದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿಬಿಡುತ್ತೆ. ಹಾಗಾಗಿ ಖಾಲಿ ಇದ್ದಾಗ ವಾಲ್ವ್ ಹಿಂದಿನ ಒತ್ತಡ ಕಡಿಮೆ ಮಾಡುತ್ತೆ. ಲೋಡ್ ಬಿದ್ದರೆ ಚಾಸಿ ಕೆಳಗೆ ಕೂರುತ್ತೆ, ರಾಡ್ ಲಿವರನ್ನು ಮೇಲಕ್ಕೆ ತಳ್ಳುತ್ತೆ, ವಾಲ್ವ್ ತೆರೆದು ಹಿಂದಕ್ಕೂ ಒತ್ತಡ ಬಿಡುತ್ತೆ. ಅಂದರೆ ಗಾಡಿ ಮೇಲೆ ಎಷ್ಟು ಭಾರ ಇದೆ ಅನ್ನೋದು ಬ್ರೇಕಿಗೆ ಗೊತ್ತಾಗುವುದು ಚಾಸಿಗೂ ಹೌಸಿಂಗ್‌ಗೂ ನಡುವಿನ ಅಂತರದಿಂದ ಮಾತ್ರ.

ಲಿಫ್ಟ್, ಅಂದರೆ ಗಾಡಿ ಎತ್ತರಿಸುವ ಕೆಲಸ, ಬದಲಿಸುವುದು ಇದೇ ಅಂತರವನ್ನು. 50 ಮಿ.ಮೀ. ಎತ್ತರಿಸಿದರೆ ಪೂರ್ತಿ ಲೋಡ್ ಇದ್ದರೂ ಲಿವರ್ 50 ಮಿ.ಮೀ.ನಷ್ಟು ಹಿಂದೆಯೇ ಉಳಿಯುತ್ತೆ, ಗಾಡಿ ಅರೆ ಖಾಲಿ ಅಂತ ವಾಲ್ವ್ ತಿಳಿಯುತ್ತೆ. ಹಿಂದಿನ ಡ್ರಮ್ ಅರ್ಧ ಕೆಲಸ ಮಾಡುತ್ತೆ, ಉಳಿದದ್ದೆಲ್ಲ ಮುಂದಿನ ಪ್ಯಾಡಿನ ಮೇಲೆ ಬೀಳುತ್ತೆ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆಗುಂಬೆಯ 14 ತಿರುವು ಇಳಿಯುವಾಗಲೋ, ಹುಲಿಕಲ್ ಘಾಟಿಯಲ್ಲೋ ಗೊತ್ತಾಗುತ್ತೆ. ಪ್ಯಾಡ್ ಕಾದು ಹಿಡಿತ ಬಿಡುತ್ತೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರು ಹೀರಿದ್ದರೆ ಕುದಿದು ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ. ಸೆಕೆಂಡ್ ಗೇರಿನಲ್ಲಿ ಇಳಿಸುವವರು ಒಂದಷ್ಟು ಕಾಲ ಬಚಾವಾಗಬಹುದು, ಅಷ್ಟೇ.

ಇದರಲ್ಲಿ ಎರಡನೇ ಸುತ್ತಿನ ಪೆಟ್ಟೊಂದಿದೆ, ಗ್ಯಾರೇಜಿನಲ್ಲೂ ಅದನ್ನು ಗಮನಿಸುವವರು ಕಡಿಮೆ. ರಾಡನ್ನು ಸರಿಯಾಗಿ ಎತ್ತರಿಸಿದ್ದೀರಿ ಅಂತಲೇ ಇಟ್ಟುಕೊಳ್ಳಿ. ಹೆಚ್ಚುವರಿ ಪ್ಲೇಟ್ ಹಾಕಿದ ಸೆಟ್ ಮೊದಲಿಗಿಂತ ಗಟ್ಟಿ. ಮೊದಲು ಒಂದು ಟನ್ನಿಗೆ 80 ಮಿ.ಮೀ. ಕೂರುತ್ತಿದ್ದ ಗಾಡಿ ಈಗ 60 ಮಿ.ಮೀ. ಕೂತರೆ, ಒಂದು ಟನ್ ಹೇರಿದಾಗ ವಾಲ್ವಿಗೆ ಕಾಣುವುದು ಮುಕ್ಕಾಲು ಟನ್. ಆದ್ದರಿಂದ ನನ್ನ ಮಟ್ಟಿಗೆ ಲೋಡ್ ಹೊರುವ ಗಾಡಿಗೆ ಹೆಚ್ಚುವರಿ ಪ್ಲೇಟ್ ಬೇಡವೇ ಬೇಡ. ಬಿಗಿತ ಕಂಪನಿಯದ್ದೇ ಇರಬೇಕು, ಕಮಾನು (ಪ್ಲೇಟಿನ ಬಾಗು) ಮಾತ್ರ ಸ್ವಲ್ಪ ಜಾಸ್ತಿ ಇರಬೇಕು, ಅಂಥ ಹೊಸ ಸೆಟ್ ಹಾಕಿಸಿ.

ಸರಿಪಡಿಸುವ ಕ್ರಮ ಹೀಗೆ. ಏನನ್ನೂ ಬಿಚ್ಚುವ ಮುಂಚೆ ಸಮತಟ್ಟು ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ ಹೌಸಿಂಗ್ ಪೈಪಿನ ಮೇಲ್ಭಾಗದಿಂದ ಚಾಸಿಯ ತಳದವರೆಗೆ ಎರಡೂ ಕಡೆ ಅಳತೆ ತೆಗೆಯಿರಿ. ವಾಲ್ವಿನ ಲಿವರ್ ಎಲ್ಲಿ ನಿಂತಿದೆ ಅನ್ನುವುದಕ್ಕೆ ಬಿಳಿ ಪೇಂಟಿನಲ್ಲಿ ಗುರುತು ಹಾಕಿ, ಫೋಟೋ ತೆಗೆದಿಡಿ. ಕೆಲಸ ಮುಗಿದ ಮೇಲೆ ಅಂತರ ಎಷ್ಟು ಹೆಚ್ಚಿದೆಯೋ ಅಷ್ಟೇ ಎತ್ತರದ ಬ್ರ್ಯಾಕೆಟ್ ಮಾಡಿಸಿ, ರಾಡಿನ ಕೆಳತುದಿ ಹೌಸಿಂಗ್‌ಗೆ ಕೂರುವ ಜಾಗವನ್ನು ಮೇಲಕ್ಕೆ ತನ್ನಿ. ಲಿವರ್ ಪೇಂಟಿನ ಗುರುತಿಗೆ ವಾಪಸ್ ಬರಬೇಕು. ಸ್ಪ್ರಿಂಗ್ ಇರುವ ನಮೂನೆಯಾದರೆ ಅದನ್ನು ಎಳೆದು ಉದ್ದ ಮಾಡುವುದಾಗಲಿ, ಬೇರೆ ಸ್ಪ್ರಿಂಗ್ ಸಿಕ್ಕಿಸುವುದಾಗಲಿ ಬೇಡ. ವಾಲ್ವನ್ನೇ ತೆಗೆದು ಪೈಪ್ ನೇರ ಕೊಟ್ಟುಬಿಡೋಣ ಅನ್ನುವ ಸಲಹೆ ಖಂಡಿತ ಬರುತ್ತೆ, ಒಪ್ಪಬೇಡಿ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ, ಖಾಲಿ ಪಿಕಪ್ಪಿನ ಹಿಂದಿನ ಚಕ್ರ ತಿರುವಿನಲ್ಲಿ ಲಾಕ್ ಆದರೆ ಗಾಡಿ ಅಡ್ಡಡ್ಡ ಜಾರಿ ಚರಂಡಿಗೇ ಹೋಗುತ್ತೆ. ಕೊನೆಗೆ ಪರೀಕ್ಷೆ: ಖಾಲಿ ಬಯಲಿನಲ್ಲಿ, ಒದ್ದೆ ಮಣ್ಣಿನ ಮೇಲೆ, 20 ಕಿ.ಮೀ. ವೇಗದಲ್ಲಿ ಗಟ್ಟಿ ಬ್ರೇಕ್ ಹಾಕಿ, ಹೊರಗೊಬ್ಬರು ನಿಂತು ನೋಡಲಿ. ಮುಂದಿನ ಚಕ್ರ ಮೊದಲು ಲಾಕ್ ಆಗಬೇಕು.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರೋಣ. 4 ಇಂಚು ಅಂದಿರಿ. ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಓಡಿ ಎರಡು ಕಡೆ ಹಳ್ಳ ಬಿದ್ದು ನಡುವೆ ದಿಬ್ಬ ಉಳಿದಿರುತ್ತಲ್ಲ, ಅದಕ್ಕೆ ಮೊದಲು ತಾಗುವುದು ಹಿಂದಿನ ಕ್ರೌನಿನ ಗುಂಡು (ಹೌಸಿಂಗ್ ನಡುವೆ ಗೇರ್ ಇರುವ ಉಬ್ಬು). ಆ ಗುಂಡನ್ನು ಯಾವ ಲಿಫ್ಟೂ ಒಂದು ಕೂದಲಿನಷ್ಟೂ ಎತ್ತುವುದಿಲ್ಲ. ಲಿಫ್ಟ್ ಏನಿದ್ದರೂ ಹೌಸಿಂಗ್‌ನಿಂದ ಮೇಲಿರುವುದನ್ನು ಮಾತ್ರ ಎತ್ತುತ್ತೆ. ಗುಂಡು ಎದ್ದೇಳಬೇಕಾದರೆ ಟೈರ್ ದೊಡ್ಡದಾಗಬೇಕು, ಅದೂ ವ್ಯಾಸ ಹೆಚ್ಚಿದ್ದರ ಅರ್ಧ ಮಾತ್ರ ಸಿಗುತ್ತೆ. 215/75 ಆರ್15 ಟೈರಿನ ವ್ಯಾಸ ಸುಮಾರು 703 ಮಿ.ಮೀ., 235/75 ಆರ್15ಕ್ಕೆ 733. ಬದಲಿಸಿದರೆ ಗುಂಡಿಗೆ ಸಿಗುವ ಲಾಭ 15 ಮಿ.ಮೀ. ಸ್ಪೀಡೋಮೀಟರ್ ನೂರಕ್ಕೆ ನಾಲ್ಕರಷ್ಟು ಕಡಿಮೆ ತೋರಿಸುತ್ತೆ, ಏರಿನಲ್ಲಿ ಅಷ್ಟೇ ಪ್ರಮಾಣದಲ್ಲಿ ಎಳೆತ ತಗ್ಗುತ್ತೆ. ಮಳೆಗಾಲದಲ್ಲಿ ಕೆಮ್ಮಣ್ಣಿಗೆ ಚೈನ್ ಕಟ್ಟುವವರಾದರೆ ಅಗಲ ಟೈರಿಗೂ ಪ್ಲೇಟ್ ಸೆಟ್ಟಿಗೂ ನಡುವೆ ಚೈನ್ ಹಾಯುವಷ್ಟು ಜಾಗ ಉಳಿಯುತ್ತಾ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನೋಡಿಕೊಳ್ಳಿ. ದಿಬ್ಬವೇ ತೊಂದರೆಯಾದರೆ ದಾರಿಗೆ ಒಂದಷ್ಟು ಲೋಡ್ ಜಂಬಿಟ್ಟಿಗೆ ಚೂರು ಸುರಿಸುವುದು ಕಿಟ್‌ಗಿಂತ ಒಳ್ಳೆಯ ಖರ್ಚು.

ಇನ್ನು ಗಾಡಿ ಹಳೆಯದು. ನೀವು ಹುಡುಕುತ್ತಿರುವ ಎತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ಬಹುಶಃ ಕಂಪನಿ ಕೊಟ್ಟದ್ದೇ, ಕೂತುಹೋಗಿದೆ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ಎಡ ಬಲ 15 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎತ್ತರಿಸುವ ಮಾತು ಆಮೇಲೆ. ಎರಡನೇ ಪ್ಲೇಟ್ ಬಿರುಕು ಬಿಟ್ಟಿದೆಯಾ, ಸೆಂಟರ್ ಬೋಲ್ಟ್ ತುಂಡಾಗಿ ಹೌಸಿಂಗ್ ಹಿಂದೆ ಮುಂದೆ ಸರಿದಿದೆಯಾ, ಶ್ಯಾಕಲ್ ಬುಶ್ ಅಂಡಾಕಾರಕ್ಕೆ ಸವೆದಿದೆಯಾ, ಬಂಪ್ ಸ್ಟಾಪ್ ರಬ್ಬರ್ ಇದೆಯಾ ನೋಡಿ. ನಮ್ಮ ಕಡೆ ಕೆಸರು ಪ್ಲೇಟುಗಳ ನಡುವೆ ಹೊಕ್ಕು ತಿಂಗಳುಗಟ್ಟಲೆ ಒದ್ದೆ ಉಳಿಯುತ್ತೆ, ತುಕ್ಕು ಪದರ ಪದರವಾಗಿ ಎದ್ದು ಪ್ಲೇಟುಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಸೆಟ್ ಬಿಚ್ಚಿ ವೈರ್ ಬ್ರಷ್ ಹೊಡೆದು ಗ್ರಾಫೈಟ್ ಗ್ರೀಸ್ ಹಚ್ಚಿ ಕಟ್ಟಿದರೆ ಓಡಾಟವೇ ಬೇರೆ ಅನಿಸುತ್ತೆ. ಹಳೇ ಪ್ಲೇಟನ್ನೇ ತಣ್ಣಗೆ ಬಡಿದು ಕಮಾನು ಏರಿಸಿಕೊಡುತ್ತೇವೆ ಅನ್ನುವವರಿದ್ದಾರೆ, ಕೆಲವು ತಿಂಗಳಲ್ಲಿ ಮತ್ತೆ ಕೂರುತ್ತೆ. ಗ್ಯಾಸ್ ಬೆಂಕಿ ಹಿಡಿದು ಬಗ್ಗಿಸುವುದಾದರೆ ಗಾಡಿ ವಾಪಸ್ ತನ್ನಿ, ಉಕ್ಕಿನ ಹದ ಕೆಟ್ಟು ಅದೇ ಜಾಗದಲ್ಲಿ ಮುರಿಯುತ್ತೆ.

ಇಷ್ಟಾದ ಮೇಲೂ ಎತ್ತರ ಬೇಕೆಂದರೆ ಕಂಪನಿ ಎತ್ತರದ ಮೇಲೆ ಒಂದೂವರೆ ಇಂಚು, ಹೆಚ್ಚೆಂದರೆ ಎರಡು. ಬ್ಲಾಕ್ ಮುಂದಿನ ಹೌಸಿಂಗ್‌ಗೆ ಎಂದೂ ಬೇಡ. ಬ್ರೇಕಿನ ತಿರುಚುವ ಬಲಕ್ಕೆ ಅದು ಸಡಿಲಾಗಿ ಹೊರಬಂದರೆ ಸ್ಟಿಯರಿಂಗೇ ಕೈಯಲ್ಲಿ ಇರುವುದಿಲ್ಲ. ಹಿಂದಕ್ಕೆ ಒಂದೇ ಬ್ಲಾಕ್ ಆದರೆ ಸರಿ, ಒಂದರ ಮೇಲೊಂದು ಇಡಬಾರದು.

ಉದ್ದ ಶ್ಯಾಕಲ್ ಅಗ್ಗ, ಅದಕ್ಕೇ ಎಲ್ಲರೂ ಅದನ್ನು ಹೇಳುತ್ತಾರೆ. ಎರಡು ಇಂಚು ಉದ್ದ ಹಾಕಿದರೆ ಗಾಡಿ ಏರುವುದು ಒಂದೇ ಇಂಚು. ಮುಂದಿನ ಪ್ಲೇಟಿನ ಶ್ಯಾಕಲ್ ಯಾವ ತುದಿಯಲ್ಲಿದೆ ಅನ್ನುವುದರ ಮೇಲೆ ತೊಂದರೆಯೂ ಬದಲಾಗುತ್ತೆ. ಮುಂದಿನ ತುದಿಯಲ್ಲಿದ್ದರೆ ಹೌಸಿಂಗ್ ಮುಂದಕ್ಕೆ ಉರುಳಿ ಕ್ಯಾಸ್ಟರ್ (ಸ್ಟಿಯರಿಂಗನ್ನು ನೇರಕ್ಕೆ ತರುವ ಓರೆ ಕೋನ) ತಗ್ಗುತ್ತೆ, ಆಗ 50 ಕಿ.ಮೀ. ವೇಗದ ಮೇಲೆ ಗಾಡಿ ಅತ್ತಿತ್ತ ಎಳೆಯುತ್ತೆ, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಹಿಂದಿನ ತುದಿಯಲ್ಲಿದ್ದರೆ ಕ್ಯಾಸ್ಟರ್ ಹೆಚ್ಚುತ್ತೆ, ಆದರೆ ಪಿನಿಯನ್ ಮೂತಿ (ಶಾಫ್ಟ್ ಬಂದು ಹೌಸಿಂಗ್‌ಗೆ ಸೇರುವ ಜಾಗ) ಕೆಳಗೆ ಬಾಗಿ ಮುಂದಿನ ಶಾಫ್ಟಿನ ಕ್ರಾಸ್‌ಗೆ (ಯೂನಿವರ್ಸಲ್ ಜಾಯಿಂಟ್) ಕೋನ ಜಾಸ್ತಿಯಾಗುತ್ತೆ. ಡ್ರ್ಯಾಗ್ ಲಿಂಕ್ (ಸ್ಟಿಯರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಹೋಗುವ ರಾಡ್) ಓರೆ ಹೆಚ್ಚಿದಷ್ಟೂ ಗುಂಡಿ ಹಾರಿದಾಗ ಸ್ಟಿಯರಿಂಗ್ ತಾನೇ ತಿರುಗುತ್ತೆ. 4 ಇಂಚಿಗೆ ಹೋದರೆ ಆ ಓರೆ ತಗ್ಗಿಸುವ ಡ್ರಾಪ್ ಆರ್ಮ್, ಉದ್ದ ಬ್ರೇಕ್ ಹೋಸ್, ಉದ್ದ ಶಾಕ್ ಅಬ್ಸಾರ್ಬರ್, ಶಾಫ್ಟ್ ಕೆಲಸ ಎಲ್ಲವೂ ಬೇಕು. ಹಳೇ ಗಾಡಿಗೆ ಅಷ್ಟು ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಕಾನೂನನ್ನೂ ಹೇಳಿಬಿಡಬೇಕು. ಕಂಪನಿಯ ಮೂಲ ವಿವರಕ್ಕೂ ಆರ್‌ಸಿಗೂ ಹೊಂದದಂತೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಹಳದಿ ಬೋರ್ಡ್ ಆಗಿದ್ದರೆ ಎಂಟು ವರ್ಷ ದಾಟಿದ ಗಾಡಿಗೆ ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ಇನ್ಸ್‌ಪೆಕ್ಟರ್ ಕೆಳಗೆ ಬಗ್ಗಿ ನೋಡುತ್ತಾರೆ. ಹಳೇ ಎತ್ತರವನ್ನು ವಾಪಸ್ ತರುವುದೇ ಮೇಲು ಅನ್ನುವುದಕ್ಕೆ ಇದೂ ಒಂದು ಕಾರಣ.

ಕೂರಿಸುವಾಗ ಯು-ಬೋಲ್ಟ್ (ಪ್ಲೇಟ್ ಸೆಟ್ಟನ್ನು ಹೌಸಿಂಗ್‌ಗೆ ಬಿಗಿಯುವ ಬೋಲ್ಟ್) ಹೊಸದೇ ಇರಲಿ. ಹಳೆಯದು ಒಮ್ಮೆ ಎಳೆದುಕೊಂಡಿರುತ್ತೆ, ಮತ್ತೆ ಹಿಡಿತ ಬರುವುದಿಲ್ಲ. ನಟ್ಟುಗಳನ್ನು ಅಡ್ಡಡ್ಡವಾಗಿ ಹಂತ ಹಂತವಾಗಿ ಬಿಗಿಯಿರಿ. ರಬ್ಬರ್ ಬುಶ್ ಇರುವ ಶ್ಯಾಕಲ್, ಐ (ಪ್ಲೇಟಿನ ತುದಿಯ ಕಣ್ಣು) ಬೋಲ್ಟ್‌ಗಳನ್ನು ಗಾಡಿ ಜಾಕಿ ಮೇಲಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರ ನೆಲಕ್ಕೆ ಬಂದು ಭಾರ ಬಿದ್ದ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಹೌಸಿಂಗನ್ನು ಪೂರ್ತಿ ಜೋತುಬಿಡಿಸಿ ನೋಡಿ: ಬ್ರೇಕ್ ಹೋಸ್ ಬಿಗಿಯಾಗಬಾರದು, ಹೌಸಿಂಗ್ ಶಾಕ್‌ಗೆ ನೇತಾಡಬಾರದು, ಶಾಫ್ಟಿನ ಸ್ಲಿಪ್ ಜಾಯಿಂಟ್ ಕಳಚಿಕೊಳ್ಳುವ ಹಾಗಿರಬಾರದು. 100 ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್ ಮತ್ತೆ ಬಿಗಿಸಿ, 500ಕ್ಕೆ ಇನ್ನೊಮ್ಮೆ. 40ರಿಂದ 60 ಕಿ.ಮೀ. ವೇಗದ ನಡುವೆ ಗಾಡಿ ನಡುಗಿದರೆ ಹಿಂದಿನ ಪಿನಿಯನ್ ಕೋನ ತಪ್ಪಿದೆ ಅಂತ ಅನುಮಾನ ಪಡಿ. ಅದಕ್ಕೆ ಓರೆ ಬೆಣೆ ಹಾಕುವುದಾದರೆ ಉಕ್ಕಿನದ್ದೇ ಹಾಕಿಸಿ, ಅಲ್ಯೂಮಿನಿಯಂದು ಲೋಡಿಗೆ ಜಜ್ಜಿಹೋಗುತ್ತೆ.

ನಾಲ್ಕು ಮೂಲೆಯ ಅಳತೆ, ಹೌಸಿಂಗ್–ಚಾಸಿ ಅಂತರ ಖಾಲಿಯಲ್ಲಿ ಎಷ್ಟು, ಲೋಡಿನಲ್ಲಿ ಎಷ್ಟು, ಮುಂದಿನ ಶ್ಯಾಕಲ್ ಯಾವ ತುದಿಯಲ್ಲಿದೆ, ಇಷ್ಟು ಬರೆದು ಕಳಿಸಿ. ಎಷ್ಟು ಕಮಾನಿನ ಸೆಟ್ ಕಟ್ಟಿಸಬೇಕು ಅನ್ನುವುದನ್ನು ಅದರ ಮೇಲೆ ಲೆಕ್ಕ ಹಾಕಿ ಹೇಳುತ್ತೇನೆ.