ಬೋರ್ಡೋ ಹೊಡೆದವರ ಕೈ ಉರಿ: ಗ್ಲೌಸ್‌ನದೋ, ಸುಣ್ಣದ್ದೋ?
ನನ್ನ ಅನುಮಾನ ಸುಣ್ಣದ ಮೇಲೆ. ಮೂಡಿಗೆರೆ ತೋಟದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ ದ್ರಾವಣ) ಹೊಡೆದ ಮೂವರಿಗೂ ಒಟ್ಟಿಗೆ ಕೈ ಉರಿ, ಬಿರುಕು ಅಂದಿದ್ದೀರಿ, ಗ್ಲೌಸ್ ಅಲರ್ಜಿಯಾ ಅಂತ ಕೇಳಿದ್ದೀರಿ. ಅಲರ್ಜಿ ಸಾಮಾನ್ಯವಾಗಿ ಒಬ್ಬಿಬ್ಬರನ್ನು ಹಿಡಿಯುತ್ತೆ. ಸುಣ್ಣದ ಖಾರ ಯಾರನ್ನೂ ಬಿಡಲ್ಲ.

ಮೊದಲು ಆ ಮೂವರನ್ನೂ ಕೈ ವಾಸಿಯಾಗುವ ತನಕ ದ್ರಾವಣ ಕಲಸೋ ಡ್ರಮ್ಮಿನ ಹತ್ತಿರ ಬಿಡಬೇಡಿ. ಸೀಮೆಎಣ್ಣೆಯಲ್ಲಿ ಕೈ ತೊಳೆಯೋ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಮತ್ತೆ ಶುರು ಮಾಡುವಾಗ ಕಣ್ಣಂದಾಜು ಬೇಡ, ಶೇ. 1ರ ದ್ರಾವಣಕ್ಕೆ 100 ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಗ್ಲೌಸ್ ಮೊಣಕೈವರೆಗೆ ಬರಲಿ. ಒಳಗೆ ದ್ರಾವಣ ಇಳಿದ ಗ್ಲೌಸ್ ಬರಿಗೈಗಿಂತ ಕಡೆ.

ಇಷ್ಟಾದರೂ ಒಬ್ಬರಿಗೆ ಮಾತ್ರ ಗ್ಲೌಸ್ ಅಂಚಿನ ಗೆರೆಯಲ್ಲೇ ತುರಿಕೆ ಉಳಿದರೆ ರಬ್ಬರ್ ಅಲರ್ಜಿ ಇರಬಹುದು. ಅದನ್ನು ಫೋಟೋ ನೋಡಿ ಹೇಳೋಕಾಗಲ್ಲ. ಹಾಸನದ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ಪ್ಯಾಚ್ ಟೆಸ್ಟ್ (ಚರ್ಮದ ಅಲರ್ಜಿ ಪರೀಕ್ಷೆ) ಮಾಡ್ತಾರಾ ಅಂತ ಫೋನ್ ಮಾಡಿ ವಿಚಾರಿಸಿ, ಆಮೇಲೆ ಹೋಗಿ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆಗೆ ತೆಗೆದು, 72 ಅಥವಾ 96 ಗಂಟೆಗೆ ಮತ್ತೆ ನೋಡುತ್ತಾರೆ. ಅಲ್ಲಿವರೆಗೆ ಬೆನ್ನು ಒದ್ದೆಯಾಗಬಾರದು, ಹಾಗಾಗಿ ಕೆಲಸಕ್ಕೆ ರಜೆ ಕೊಡಲೇಬೇಕು. ಹಾಕಿದ್ದ ಗ್ಲೌಸ್‌ನದೇ ಒಂದು ತುಂಡು ಜೊತೆಗಿರಲಿ.

ದ್ರಾವಣವನ್ನೇ ಚರ್ಮಕ್ಕೆ ಹಚ್ಚಿ ಮನೆಯಲ್ಲಿ ಟೆಸ್ಟ್ ಮಾಡೋಕೆ ಮಾತ್ರ ಹೋಗಬೇಡಿ, ಸುಟ್ಟೀತು.