ನಿಮ್ಮ ಪ್ರಶ್ನೆ, ಅಕ್ಕನ ಉತ್ತರ: ಫ್ರಿಜ್ ಬಾಗಿಲಿನ ಬೆರಳಚ್ಚು, ಸಿಂಕಿನ ತುಕ್ಕು, ಕಪ್ಪಾದ ಚಿಮಣಿ ಜಾಲರಿ

ಸ್ಟೀಲ್ ಸಾಮಾನಿನ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಲ ಬಾಯ್ತಪ್ಪಿ ಅಂದ್ಬಿಟ್ಟೆ ನೋಡಿ, ಪತ್ರಗಳ ರಾಶೀನೇ ಬಂದು ಬಿದ್ದಿದೆ. ಅರ್ಧ ಜನರ ಗೋಳು ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ ಅಂತ, ಇನ್ನರ್ಧ ಜನರದ್ದು ಉಜ್ಜಿದ್ಮೇಲೇ ಹಾಳಾಯ್ತು ಅಂತ. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಬರೀತಿದೀನಿ, ಯಾರದ್ದಾದ್ರೂ ಬಿಟ್ಟೋಗಿದ್ರೆ ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕಾ, ಹೊಸ ಫ್ರಿಜ್ ತಗೊಂಡು ಮೂರು ತಿಂಗಳಾಯ್ತು, ಸ್ಟೀಲ್ ಬಾಗಿಲು. ಅಂಗಡೀಲಿ ನೋಡಿದಾಗ ಕನ್ನಡಿ ತರ ಇತ್ತು, ಮನೇಲಿ ನೋಡಿದ್ರೆ ಬರೀ ಬೆರಳಚ್ಚು. ಒರೆಸಿದ್ರೆ ಗೆರೆ ಗೆರೆ ಉಳಿಯತ್ತೆ. ಗಾಜು ಒರೆಸೋ ಸ್ಪ್ರೇ ಆಯ್ತು, ಸೋಪಿನ ನೀರಾಯ್ತು, ಯಾರೋ ಹೇಳಿದ್ರು ಅಂತ ಅಡುಗೆ ಎಣ್ಣೆನೂ ಹಚ್ಚಿದೆ, ಎರಡು ದಿನ ಫಳಫಳ ಅಂತಿತ್ತು, ಈಗ ಧೂಳೆಲ್ಲ ಅಂಟ್ಕೊಂಡು ಮುಟ್ಟೋಕೂ ಅಸಹ್ಯ ಆಗ್ತಿದೆ. ಏನ್ಮಾಡ್ಲಿ?

ಎಣ್ಣೆ ಅಂದ ತಕ್ಷಣ ಎಲ್ಲಾ ಅರ್ಥ ಆಗೋಯ್ತು ಬಿಡಮ್ಮ. ಬೆರಳಚ್ಚು ಅಂದ್ರೇನೇ ನಮ್ಮ ಚರ್ಮದ ಜಿಡ್ಡು, ಜಿಡ್ಡಿನ ಮೇಲೆ ಇನ್ನಷ್ಟು ಜಿಡ್ಡು ಬಳಿದ್ರೆ ಬಾಗಿಲಿಡೀ ಒಂದೇ ಸಮನಾಗಿ ಹೊಳೆಯೋದ್ರಿಂದ ಅಚ್ಚು ಕಾಣಲ್ಲ ಅಷ್ಟೇ, ಹೋಗಿರಲ್ಲ. ಅದೂ ಅಲ್ದೆ ಅಡುಗೆ ಎಣ್ಣೆ ಗಾಳಿ, ಬಿಸಿ ತಾಗ್ತಾ ತಾಗ್ತಾ ಅಂಟಾಗಿ ಆಮೇಲೆ ವಾರ್ನಿಷ್ ತರ ಗಟ್ಟಿಯಾಗತ್ತೆ, ಒಲೆ ಪಕ್ಕದ ಗೋಡೆ ಮೇಲೆ ಹಳದಿ ಜಿಗುಟು ಕೂರೋದೂ ಇದೇ ಕಾರಣಕ್ಕೆ. ಸದ್ಯ ನಿಮ್ಮದು ಇನ್ನೂ ಅಂಟಿನ ಹಂತದಲ್ಲಿದೆ, ಬಚಾವ್.

ಬೇಕಿರೋದು ಮೆತ್ತನೆ ಬಟ್ಟೆ ಮೂರು, ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ. ಎರಡೇ ಹನಿ, ನೊರೆ ಜಾಸ್ತಿ ಆದ್ರೆ ಆ ನೊರೆನೇ ಗೆರೆ ಆಗಿ ಕೂರೋದು. ಕೆಲಸ ಶುರು ಮಾಡೋಕೆ ಮುಂಚೆ ಫ್ರಿಜ್ ಪಕ್ಕಕ್ಕೆ ನಿಂತು, ಮೊಬೈಲ್ ಟಾರ್ಚ್ ಹಾಕಿ, ಬಾಗಿಲನ್ನ ಓರೆಯಾಗಿ ನೋಡಿ. ಕೂದಲೆಳೆಗಿಂತ ಸಣ್ಣ ಗೀರುಗಳು ಸಾಲಾಗಿ ಒಂದೇ ದಿಕ್ಕಿಗೆ ಓಡಿರೋದು ಕಾಣತ್ತೆ, ಮರದ ಹಲಗೇಲಿ ಎಳೆ ಇರತ್ತಲ್ಲ ಹಾಗೆ. ಕೆಲವು ಬಾಗಿಲಲ್ಲಿ ಅಡ್ಡಕ್ಕಿರತ್ತೆ, ಕೆಲವದ್ರಲ್ಲಿ ಮೇಲಿಂದ ಕೆಳಗೆ. ಆ ಎಳೆಗುಂಟ ಒರೆಸಬೇಕು. ನಾವು ಗಾಜು ಒರೆಸೋ ತರ ಗುಂಡಗೆ ಸುತ್ತಿಸಿದ್ರೆ ಕೊಳೆ ಎಳೆಗಳ ಸಂದಿಗೆ ಅಡ್ಡಡ್ಡ ತುಂಬ್ಕೊಂಡು ಬೆಳಕು ಬಿದ್ದಾಗ ಸುಳಿ ಸುಳಿ ಕಾಣತ್ತೆ. ಮೊದಲು ಲಿಕ್ವಿಡ್ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ, ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ.

ಆ ಕೊನೇ ಒಣ ಬಟ್ಟೆನೇ ಮುಖ್ಯ, ಹತ್ತರಲ್ಲಿ ಎಂಟು ಜನ ಅದನ್ನೇ ಬಿಟ್ಟಿರ್ತೀರ. ತಾನಾಗೇ ಒಣಗತ್ತೆ ಬಿಡು ಅಂತ ಬಿಟ್ರೆ ನೀರು ಮಾತ್ರ ಆವಿಯಾಗಿ ಹೋಗತ್ತೆ, ನೀರಲ್ಲಿದ್ದ ಸುಣ್ಣದಂಶ, ಸೋಪು ಎಲ್ಲಾ ಅಲ್ಲೇ ಉಳ್ಕೊಳತ್ತೆ, ನೀವು ಗೆರೆ ಅಂತಿರೋದು ಅದನ್ನೇ. ಮೈಕ್ರೋಫೈಬರ್ ಬಟ್ಟೆ ಇದ್ರೆ ಒಳ್ಳೇದು, ಆದ್ರೆ ಅದನ್ನ ಒಗೆಯೋವಾಗ ಬಟ್ಟೆ ಮೆತ್ತಗಾಗೋಕೆ ಹಾಕೋ ಲಿಕ್ವಿಡ್ ಹಾಕ್ಬೇಡಿ, ಅದರ ಜಿಡ್ಡು ಬಟ್ಟೇಲಿ ಉಳಿದು ವಾಪಸ್ ಬಾಗಿಲಿಗೇ ಬರತ್ತೆ. ಸ್ಪ್ರೇ ಬಳಸಿದ್ರೂ ಬಟ್ಟೆ ಮೇಲೆ ಹೊಡ್ಕೊಳ್ಳಿ, ಬಾಗಿಲ ಮೇಲೆ ನೇರವಾಗಿ ಬೇಡ, ಬಟನ್ ಇರೋ ಕಡೆ ಸಂದಿಗೆ ಇಳಿದ್ರೆ ಕ್ಲೀನಿಂಗ್ ಹೋಗಿ ರಿಪೇರಿ ಆಗತ್ತೆ.

ಇಷ್ಟಾದ್ಮೇಲೂ ಹೊಳಪು ಬೇಕೇ ಬೇಕು ಅಂದ್ರೆ ಅಡುಗೆ ಎಣ್ಣೆ ಬಿಟ್ಟು ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆಯೋ, ಬಣ್ಣ ವಾಸನೆ ಇಲ್ಲದ ಎಣ್ಣೆ) ಎರಡು ಹನಿ ಒಣ ಬಟ್ಟೆಗೆ ಹಾಕಿ ತಿಕ್ಕಿ, ಇನ್ನೊಂದು ಬಟ್ಟೇಲಿ ಪೂರ್ತಿ ಒರೆಸಿ ತೆಗೀರಿ. ಅದು ಹಾಗೆ ಅಂಟಾಗಲ್ಲ. ನನ್ನ ಕೇಳಿದ್ರೆ ಅದೂ ಬೇಡ. ಬೆರಳಚ್ಚು ಬೀಳದ ಬಾಗಿಲು ಅಂತ ಹೇಳಿ ಮಾರಿದ್ರೆ, ಅಥವಾ ಕಪ್ಪು ಸ್ಟೀಲ್ ಆದ್ರೆ, ಸಾಮಾನ್ಯವಾಗಿ ಮೇಲೊಂದು ಕೋಟಿಂಗ್ ಇರತ್ತೆ. ಅದಕ್ಕೆ ಎಣ್ಣೆ, ವಿನೆಗರ್, ಪಾಲಿಶ್, ಪುಡಿ ಏನೂ ಬೇಡ, ನೀರು ಲಿಕ್ವಿಡ್ ಅಷ್ಟೇ. ಕೋಟಿಂಗ್ ಒಮ್ಮೆ ಗೀರಿ ಹೋದ್ರೆ ಮನೇಲಿ ಕೂತು ವಾಪಸ್ ತರೋಕಾಗಲ್ಲ.

ಪ್ರಶ್ನೆ: ಮೇಡಂ, ನಮ್ಮನೆ ಕೆಲಸ ಮುಗಿದು ಒಂದು ವಾರಕ್ಕೆ ಓವನ್, ಫ್ರಿಜ್, ಸಿಂಕ್, ನಲ್ಲಿ ಎಲ್ಲದರ ಮೇಲೂ ಕಂದು ಬಣ್ಣದ ಸಣ್ಣ ಸಣ್ಣ ಚುಕ್ಕಿ ಬಂದಿದೆ. ಅವುಗಳನ್ನ ಇನ್ನೂ ಬಳಸೋಕೇ ಶುರು ಮಾಡಿಲ್ಲ, ನೀರೂ ತಾಗಿಸಿಲ್ಲ. ಸ್ಟೇನ್‌ಲೆಸ್ ಅಂತ ಹೇಳಿ ಮೋಸ ಮಾಡಿದಾರಾ?

ಒಂದೇ ಸಲಕ್ಕೆ ನಾಲ್ಕು ಬೇರೆ ಬೇರೆ ಸಾಮಾನು ಕೆಡ್ತು ಅಂದ್ರೆ ತಪ್ಪು ಸಾಮಾನಿಂದಲ್ಲ ಸಾರ್, ಗಾಳೀದು. ಒಂದು ಮಾತು ನೆನಪು ಮಾಡ್ಕೊಳ್ಳಿ, ಕೊನೇಲಿ ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯೋಕೆ ಯಾರಾದ್ರೂ ಆಸಿಡ್ ಹಾಕಿ ತೊಳೆದ್ರಾ? ಹಾಗಿದ್ರೆ ಕಳ್ಳ ಸಿಕ್ಕಿದ ಅನ್ಕೊಳ್ಳಿ. ಅದು ಹೈಡ್ರೋಕ್ಲೋರಿಕ್ ಆಸಿಡ್, ಅದರ ಹೊಗೆ ಮೇಲೆದ್ದು ಹೋಗಿ ಸ್ಟೀಲ್ ಮೇಲೆ ಕೂರತ್ತೆ, ಗಾಳಿಯ ತೇವ ಸೇರ್ಕೊಳತ್ತೆ, ಯಾರೂ ಮುಟ್ಟದೇ ಇದ್ರೂ ತುಕ್ಕು ಬರತ್ತೆ.

ಇದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಸಲದ ಅರ್ಧ ಪತ್ರಗಳಿಗೆ ಉತ್ತರ ಇದರಲ್ಲೇ ಇದೆ. ಸ್ಟೇನ್‌ಲೆಸ್ ಸ್ಟೀಲ್ ಅಂದ್ರೆ ಕಬ್ಬಿಣಕ್ಕೆ ಕಡಿಮೆ ಅಂದ್ರೂ ಶೇಕಡಾ 10.5 ಕ್ರೋಮಿಯಂ ಬೆರೆಸಿರೋದು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಅನ್ನೋರು ಬಂದೂಕಿನ ನಳಿಗೆ ಬೇಗ ಸವೀಬಾರ್ದು ಅಂತ ಲೋಹ ಬೆರೆಸಿ ನೋಡ್ತಾ ಇದ್ದಾಗ ತುಕ್ಕು ಹಿಡಿಯದ ಈ ತರದ ಸ್ಟೀಲ್ ಅವರಿಗೆ ಸಿಕ್ತು, ಹೋಗಿ ಸೇರಿದ್ದು ಮಾತ್ರ ಅಡುಗೆಮನೆ ಚಾಕುವಿಗೆ. ಆ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೊಂದು ಪೊರೆ ಕಟ್ಕೊಳತ್ತೆ, ಕೆಲವೇ ನ್ಯಾನೋಮೀಟರ್ ದಪ್ಪ, ಕಣ್ಣಿಗೆ ಕಾಣಲ್ಲ. ಗೀರಿದ್ರೆ ಗಾಳಿ ತಾಗಿ ಮತ್ತೆ ತಾನೇ ಕಟ್ಕೊಳತ್ತೆ. ಸ್ಟೀಲನ್ನ ಕಾಯೋದು ಈ ಪೊರೆ, ನಮ್ಮ ಸ್ಕ್ರಬ್ಬರ್ ಅಲ್ಲ. ಈ ಪೊರೆಗೆ ಇರೋ ದೊಡ್ಡ ಶತ್ರು ಕ್ಲೋರೈಡ್. ಉಪ್ಪಲ್ಲಿದೆ, ಬ್ಲೀಚ್‌ನಲ್ಲಿದೆ, ಟೈಲ್ಸ್ ಆಸಿಡ್‌ನಲ್ಲಂತೂ ತುಂಬಿ ತುಳುಕ್ತಿದೆ. ಅದು ಪೊರೇಲಿ ಚುಕ್ಕಿಯಷ್ಟು ತೂತು ಮಾಡಿ ಒಳಗೊಳಗೇ ಕೊರೀತಾ ಹೋಗತ್ತೆ.

ನಿಮ್ಮ ವಿಷಯಕ್ಕೆ ಬರೋಣ. ಮೊದಲು ಎಲ್ಲದನ್ನೂ ಬರೀ ನೀರಿನ ಬಟ್ಟೇಲಿ ನಾಲ್ಕೈದು ಸಲ ಒರೆಸಿ, ಪ್ರತಿ ಸಲ ಬಟ್ಟೆ ಜಾಲಿಸ್ಕೊಂಡು. ಆಮೇಲೆ ಅಡುಗೆ ಸೋಡಾಗೆ ಸ್ವಲ್ಪ ನೀರು ಹಾಕಿ ಪೇಸ್ಟ್ ಮಾಡಿ ಚುಕ್ಕಿ ಮೇಲೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಗುಂಟ ಮೆತ್ತಗೆ ತಿಕ್ಕಿ, ತೊಳೆದು ಒಣಗಿಸಿ. ವಾರ ಆಗಿದೆ ಅಷ್ಟೇ ಅಲ್ವಾ, ಬಹಳಷ್ಟು ಹೋಗತ್ತೆ. ಹಠ ಹಿಡಿದು ಕೂತಿರೋದಕ್ಕೆ ಆಕ್ಸಾಲಿಕ್ ಆಸಿಡ್ ಇರೋ ಸ್ಟೀಲ್ ಕ್ಲೀನರ್ ಬರತ್ತೆ, ಗ್ಲೌಸ್ ಹಾಕ್ಕೊಂಡು, ಡಬ್ಬಿ ಮೇಲೆ ಬರೆದಷ್ಟೇ ಹೊತ್ತು ಇಟ್ಟು ಚೆನ್ನಾಗಿ ತೊಳೀಬೇಕು, ಕೋಟಿಂಗ್ ಇರೋ ಬಾಗಿಲಿಗೆ ಬೇಡ. ಉಗುರು ಆಡಿಸಿದ್ರೆ ಗುಳಿ ಸಿಗ್ತಿದೆ ಅಂದ್ರೆ ಬಣ್ಣ ಹೋಗತ್ತೆ, ಗುಳಿ ಹೋಗಲ್ಲ.

ಬ್ಲೀಚ್ ಮಾತು ಬಂತಲ್ಲ, ಒಬ್ಬರು ಸಿಂಕಿಗೆ ರಾತ್ರಿಯಿಡೀ ಬ್ಲೀಚ್ ನೀರು ನಿಲ್ಲಿಸಿ ಬೆಳಗ್ಗೆ ವಿನೆಗರ್ ಹಾಕ್ತೀನಿ ಅಂತ ಬರೆದಿದಾರೆ. ದಯವಿಟ್ಟು ಇವತ್ತೇ ನಿಲ್ಲಿಸಿ. ಸಿಂಕಿನ ಮಾತು ಹಾಗಿರ್ಲಿ, ಬ್ಲೀಚ್‌ಗೆ ಯಾವುದೇ ಆಸಿಡ್ ಸೇರಿದ್ರೂ ಕ್ಲೋರಿನ್ ಅನಿಲ ಏಳತ್ತೆ, ಅದು ವಿಷ, ಸೀದಾ ಶ್ವಾಸಕೋಶಕ್ಕೆ ಹೊಡೆಯತ್ತೆ.

ಪ್ರಶ್ನೆ: ಸಿಂಕಿನಲ್ಲಿ ಸ್ಟೀಲ್ ಉಣ್ಣೆ ಇಡೋ ಜಾಗದಲ್ಲೇ ಉಂಗುರದ ತರ ತುಕ್ಕು ಬರತ್ತೆ, ಬೇರೆ ಕಡೆ ಇಲ್ಲ. ಯಾಕೆ?

ಸಿಂಕಿಗೆ ತುಕ್ಕು ಹಿಡಿದಿಲ್ಲ, ಉಣ್ಣೆಗೆ ಹಿಡಿದಿದೆ! ಸಾಧಾರಣ ಸ್ಟೀಲ್ ಉಣ್ಣೆ ಸ್ಟೇನ್‌ಲೆಸ್ ಅಲ್ಲ, ಬರೀ ಕಬ್ಬಿಣದ ಜಾತಿ. ಉಜ್ಜೋವಾಗ ಅದರ ಚೂರುಗಳು ಸ್ಟೀಲಿಗೆ ಚುಚ್ಕೊಂಡು ಅಲ್ಲೇ ಕೂತು ತುಕ್ಕು ಹಿಡೀತವೆ. ನಾನೂ ಒಂದ್ಸಲ ಒದ್ದೆ ಉಣ್ಣೆ ಅಲ್ಲೇ ಮರೆತು ಮಲಗಿಬಿಟ್ಟಿದ್ದೆ, ಬೆಳಗ್ಗೆ ನೋಡಿದ್ರೆ ಬಳೆಯಷ್ಟು ಅಗಲ ಕಂದು ಗುರುತು, ಸಿಂಕೇ ಡೂಪ್ಲಿಕೇಟು ಅಂತ ಮನೆಯವರ ಮೇಲೆ ಕೂಗಾಡಿದ್ದೂ ಆಯ್ತು, ಸೋಡಾ ಪೇಸ್ಟ್ ಹಾಕಿ ಉಜ್ಜಿದ್ರೆ ಐದು ನಿಮಿಷಕ್ಕೆ ಹೋಯ್ತು. ಆ ಐದು ನಿಮಿಷ ಯಾರ ಮುಖಾನೂ ನೋಡ್ಲಿಲ್ಲ ನಾನು. ರಬ್ಬರ್ ಮ್ಯಾಟ್, ಒದ್ದೆ ಸ್ಪಂಜು, ಒದ್ದೆ ಬಟ್ಟೆ ಇವನ್ನೂ ಸಿಂಕಲ್ಲೇ ಬಿಡ್ಬೇಡಿ, ಅಡೀಲಿ ಗಾಳಿ ಆಡಲ್ಲ, ಗಾಳಿ ಇಲ್ದೆ ಪೊರೆ ಕಟ್ಕೊಳಲ್ಲ.

ಪ್ರಶ್ನೆ: ಚಿಮಣಿ ಜಾಲರಿನ ಬಿಸಿನೀರು, ಸೋಡಾ ಹಾಕಿ ಎರಡು ಗಂಟೆ ನೆನೆಸಿಟ್ಟೆ. ಜಿಡ್ಡು ಹೋಯ್ತು, ಆದ್ರೆ ಜಾಲರಿ ಕಪ್ಪಗಾಗಿದೆ. ಸ್ಟೀಲ್ ಕಪ್ಪಾಗತ್ತಾ?

ಅದು ಸ್ಟೀಲ್ ಅಲ್ಲ, ಅಲ್ಯೂಮಿನಿಯಂ. ಚಿಮಣಿ ಹೊರಮೈ ಸ್ಟೀಲ್ ಇದ್ರೂ ಒಳಗಿನ ತೆಳು ಜಾಲರಿ ಎಷ್ಟೋ ಸಲ ಅಲ್ಯೂಮಿನಿಯಂ ಆಗಿರತ್ತೆ. ಅದಕ್ಕೆ ಸೋಡಾ, ಡಿಶ್‌ವಾಶರ್ ಪುಡಿ ಆಗಿಬರಲ್ಲ, ಕಾಸ್ಟಿಕ್ ಇರೋ ಓವನ್ ಕ್ಲೀನರ್ ಅಂತೂ ಲೋಹಾನೇ ತಿನ್ನತ್ತೆ. ಕಪ್ಪಾಗಿರೋದು ನೋಡೋಕೆ ಚೆನ್ನಾಗಿಲ್ಲ ಅಷ್ಟೇ, ಕೆಲಸ ಮಾಡತ್ತೆ, ಹಾಗೇ ಬಳಸಿ. ಮುಂದಿನ ಸಲ ಬಿಸಿನೀರು, ಪಾತ್ರೆ ಲಿಕ್ವಿಡ್, ಇಪ್ಪತ್ತು ನಿಮಿಷ, ಹಳೇ ಟೂತ್‌ಬ್ರಷ್ ಸಾಕು. ದಪ್ಪ ಪಟ್ಟಿಗಳಿರೋ ಸ್ಟೀಲ್ ಫಿಲ್ಟರ್ ಆಗಿದ್ರೆ ಸೋಡಾಗೆ ಹೆದರ್ಬೇಕಿಲ್ಲ.

ಪ್ರಶ್ನೆ: ಸ್ಟವ್ ಮೇಲೆ ಬರ್ನರ್ ಸುತ್ತ ಕಾಮನಬಿಲ್ಲಿನ ತರ ನೀಲಿ, ನೇರಳೆ, ಹಳದಿ ಬಣ್ಣ ಬಂದಿದೆ. ಸೋಡಾ ಮತ್ತೆ ವಿನೆಗರ್ ಎರಡೂ ಬೆರೆಸಿ ಹಾಕಿದೆ, ಬುಸಬುಸ ಅಂತ ನೊರೆ ಬಂತು, ಬಣ್ಣ ಹೋಗ್ಲಿಲ್ಲ.

ನೊರೆ ನೋಡಿ ಮೋಸ ಹೋಗೋರು ನೀವೊಬ್ಬರೇ ಅಲ್ಲ. ಸೋಡಾ ಕ್ಷಾರ, ವಿನೆಗರ್ ಆಮ್ಲ, ಎರಡೂ ಸೇರಿದ್ರೆ ಒಂದನ್ನೊಂದು ಕೊಂದು ಹಾಕತ್ತೆ, ಆ ಬುಸಬುಸ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗೋ ಸದ್ದು, ಉಳಿಯೋದು ಹೆಚ್ಚೂಕಮ್ಮಿ ಉಪ್ಪುನೀರಿನಂಥದ್ದು. ಬೇರೆ ಬೇರೆ ಬಳಸಿದ್ರೇನೇ ಕೆಲಸ. ಜಿಡ್ಡಿಗೆ, ತಳ ಹಿಡಿದಿದ್ದಕ್ಕೆ ಸೋಡಾ. ಬಿಳಿ ಸುಣ್ಣದ ಕಲೆಗೆ, ಈ ಕಾಮನಬಿಲ್ಲಿಗೆ ವಿನೆಗರ್. ಈ ಬಣ್ಣ ಕೊಳೆ ಅಲ್ಲ, ಆಗ್ಲೇ ಹೇಳಿದ ಪೊರೆ ಇದೆಯಲ್ಲ, ಬಿಸಿಗೆ ಅದು ದಪ್ಪ ಆಗತ್ತೆ, ಒಂದೊಂದು ಕಡೆ ಒಂದೊಂದು ದಪ್ಪ, ಬೆಳಕು ಅದರಲ್ಲಿ ಒಡೆದು ಬಣ್ಣ ಕಾಣತ್ತೆ, ನೀರಿನ ಮೇಲೆ ಎಣ್ಣೆ ಬಿದ್ದಾಗ ಕಾಣೋ ಹಾಗೆ. ಸ್ಟವ್ ತಣ್ಣಗಾದ್ಮೇಲೆ ವಿನೆಗರ್ ಅದ್ದಿದ ಬಟ್ಟೇನ ಐದು ನಿಮಿಷ ಹಾಸಿ, ಒರೆಸಿ, ನೀರಲ್ಲಿ ತೊಳೆದು ಒಣಗಿಸಿ. ಕಡುನೀಲಿ ಒಂದೇ ಸಲಕ್ಕೆ ಹೋಗಲ್ಲ, ಎರಡ್ಮೂರು ಸಲ ಮಾಡಿ. ಹೋಗದಿದ್ರೂ ಅದರಿಂದ ತೊಂದರೆ ಏನಿಲ್ಲ. ಬಟನ್ ಪಕ್ಕ ಅಚ್ಚು ಹಾಕಿರೋ ಅಕ್ಷರ, ಗುರುತು ಇರೋ ಕಡೆ ಮಾತ್ರ ಪುಡಿ ಹಾಕಿ ತಿಕ್ಕೋಕೆ ಹೋಗ್ಬೇಡಿ, ಆಮೇಲೆ ಯಾವ ಬಟನ್ ಯಾವ ಬರ್ನರಿಗೆ ಅಂತ ದಿನಾ ಒಗಟು ಬಿಡಿಸ್ಬೇಕಾಗತ್ತೆ.

ಪ್ರಶ್ನೆ: ಅಯಸ್ಕಾಂತ ಅಂಟಿದ್ರೆ ಅದು ನಕಲಿ ಸ್ಟೀಲ್ ಅಂತಾರೆ, ನಿಜಾನಾ?

ಸುಳ್ಳು. 304 ಅನ್ನೋ ಜಾತೀಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರತ್ತೆ, ಅದಕ್ಕೆ ಅಂಟಲ್ಲ ಅಂತ್ಲೇ ಹೇಳ್ಬಹುದು. 430ರಲ್ಲಿ 16ರಿಂದ 18 ಕ್ರೋಮಿಯಂ ಇದ್ರೂ ನಿಕ್ಕಲ್ ಇಲ್ಲದ ಲೆಕ್ಕ, ಅದಕ್ಕೆ ಗಟ್ಟಿಯಾಗಿ ಅಂಟತ್ತೆ. ಎರಡೂ ಅಸಲಿ ಸ್ಟೇನ್‌ಲೆಸ್ಸೇ. 430ಕ್ಕೆ ತುಕ್ಕಿನ ಭಯ ಸ್ವಲ್ಪ ಜಾಸ್ತಿ, ಅಯಸ್ಕಾಂತ ಅಂಟೋ ಸಾಮಾನನ್ನ ಒದ್ದೆ ಬಿಡ್ಬೇಡಿ ಅಷ್ಟೇ.

ಪ್ರಶ್ನೆ: ಕರೆಂಟ್ ಕೆಟಲ್ ಒಳಗಡೆ ಬಿಳಿ ಪದರ ಕಟ್ಟಿದೆ. ಚಾಕುವಿಂದ ಕೆರೀಬಹುದಾ?

ಬೇಡ ಬೇಡ. ಅರ್ಧ ಕೆಟಲ್ ನೀರಿಗೆ ಒಂದೆರಡು ಚಮಚ ಸಿಟ್ರಿಕ್ ಆಸಿಡ್, ಅಂದ್ರೆ ನಿಂಬೆ ಉಪ್ಪು, ಹಾಕಿ ಕುದಿಸಿ ಅರ್ಧ ಗಂಟೆ ಬಿಡಿ, ತಾನೇ ಕರಗತ್ತೆ. ಚೆಲ್ಲಿ, ಬರೀ ನೀರು ಒಂದ್ಸಲ ಕುದಿಸಿ ಅದನ್ನೂ ಚೆಲ್ಲಿ. ಕೆಟಲನ್ನ ನೀರೊಳಗೆ ಮುಳುಗಿಸಿ ತೊಳೆಯೋದು ಬೇಡ.

ಪ್ರಶ್ನೆ: ಅಕ್ಕಾ ನಗ್ಬೇಡಿ. ಓವನ್ ತಂದಾಗ ಮೇಲಿದ್ದ ಪ್ಲಾಸ್ಟಿಕ್ ಹಾಳೆ ತೆಗೆದ್ರೆ ಹೊಸತನ ಹೋಗತ್ತೆ ಅಂತ ಹಾಗೇ ಬಿಟ್ಟಿದ್ವಿ, ನಾಲ್ಕು ವರ್ಷ ಆಯ್ತು. ಈಗ ಕಿತ್ರೆ ಚೂರು ಚೂರಾಗಿ ಬರ್ತಿದೆ, ಅಂಟು ಅಲ್ಲೇ ಉಳೀತಿದೆ.

ನಗ್ತಿಲ್ಲ, ನಮ್ಮ ವಾಷಿಂಗ್ ಮೆಷಿನ್ ಬಟನ್ ಮೇಲಿನ ಹಾಳೆ ಈಗ್ಲೂ ಹಾಗೇ ಇದೆ. ಓವನ್ ಬಿಸಿಗೆ ಅಂಟು ಬೆಂದು ಗಟ್ಟಿಯಾಗಿರತ್ತೆ. ಕೂದಲು ಒಣಗಿಸೋ ಡ್ರೈಯರ್ ಹಿಡಿದು ಒಂದು ಮೂಲೆ ಬೆಚ್ಚಗೆ ಮಾಡಿ, ಬೆಚ್ಚಗಿರೋವಾಗ್ಲೇ ಬಾಗಿಲಿಗೆ ಒತ್ತಿಕೊಂಡ ಹಾಗೆ ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೀರಿ, ಮೇಲಕ್ಕೆ ಎತ್ತಿ ಕಿತ್ರೆ ಹರಿಯತ್ತೆ. ಉಳಿದ ಅಂಟಿಗೆ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ರೆ ಉಂಡೆ ಉಂಡೆಯಾಗಿ ಬರತ್ತೆ, ಬೆರಳಲ್ಲೇ ಉರುಳಿಸಿ ತೆಗೀಬಹುದು, ಬ್ಲೇಡು ಗೀಡು ಬೇಡ. ಹೌದು, ಮೇಲೆ ಎಣ್ಣೆ ಬೇಡ ಅಂದಿದ್ದೂ ನಾನೇ, ಅದಕ್ಕೇ ಕೊನೇಲಿ ಲಿಕ್ವಿಡ್ ನೀರಲ್ಲಿ ಎರಡು ಸಲ ಒರೆಸಿ ಒಣಗಿಸಿ. ಒಂದೇ ದಿನಕ್ಕೆ ಮುಗೀಬೇಕು ಅಂತ ಹಠ ಬೇಡ, ದಿನಕ್ಕೊಂದು ಮೂಲೆ ಮಾಡಿ.